ಕರ್ಚೀಫು ಹಾಕಿದ ಸೀಟು

ಬೆಟ್ಟದ ಬುಡದಲ್ಲಿ ಅಪ್ಪ, ಅಜ್ಜಿ ಮತ್ತು ಮಗಳು ಸುಮೇಧಾ ಕೇಬಲ್ ಕಾರು ಹತ್ತಿದರು. ಬಸ್ಸಿನಲ್ಲಿ ಜಾಗ ಹಿಡಿಯುವವರಂತೆ ಸುಮೇಧಾ ಕಿಟಕಿಯ ಪಕ್ಕದ ಸೀಟಿಗೆ ಅಮ್ಮನ ಕರ್ಚೀಫು ಹಾಕಿದಳು.

ಕಾರು ತನ್ನನ್ನು ಎಳೆಯುವ ಹಗ್ಗಕ್ಕೆ ಹೇಳಿತು: "ತಾಳು, ಇನ್ನೊಬ್ಬರು ಬರುವವರಿದ್ದಾರೆ."

"ಯಾರು ಹೇಳಿದರು?"

"ಕರ್ಚೀಫು ಹಾಕಿದ್ದಾರೆ. ಬಾರದವರಿಗೆ ಯಾರಾದರೂ ಜಾಗ ಹಿಡಿಯುತ್ತಾರೆಯೇ?"

ಅಷ್ಟರಲ್ಲಿ ಸಾಲಿನಲ್ಲಿದ್ದವನೊಬ್ಬ ಬಾಗಿಲಲ್ಲಿ ಇಣುಕಿ, "ಅಲ್ಲಿ ಯಾರಾದ್ರೂ ಬರ್ತಾರಾ ಸಾರ್?" ಎಂದು ಕೇಳಿದ.

"ಅದು ನಮ್ಮಮ್ಮಂದು," ಎಂದಳು ಸುಮೇಧಾ. "ಹೋದ ವರ್ಷಾನೇ ಕರ್ಕೊಂಡು ಬರ್ತೀವಿ ಅಂದಿದ್ವಿ. ಅಷ್ಟರಲ್ಲಿ ಅಮ್ಮ ತೀರಿಹೋದ್ಲು."

"ನೀನು ಮುಂದಿನದಕ್ಕೆ ಬಾರಪ್ಪಾ," ಎಂದರು ಅಜ್ಜಿ. ಅವನು ತಲೆಯಾಡಿಸಿ ಹಿಂದೆ ಸರಿದ.

"ಕೇಳಿದೆಯಾ?" ಎಂದಿತು ಹಗ್ಗ. "ನನಗೆ ತಿಳಿಯುವುದು ಭಾರ ಒಂದೇ. ಮೂವರ ಭಾರವಿದೆ. ಆ ಸೀಟು ಖಾಲಿ." ಹೀಗೆಂದು ಕಾರನ್ನು ಎಳೆದುಕೊಂಡು ಹೊರಟಿತು.

ಅರ್ಧ ದಾರಿಯಲ್ಲಿ ಮಂಜು ಸರಿದು, ಕೆಳಗೆ ಕಣಿವೆ ಪೂರ್ತಿ ತೆರೆದುಕೊಂಡಿತು. ಯಾರೂ ಯಾರಿಗೂ ಹೇಳದೆ ಮೂವರೂ ಕರ್ಚೀಫಿನ ಸೀಟಿನ ಕಿಟಕಿಯಿಂದ ಹಿಂದಕ್ಕೆ ಸರಿದು ಕೂತರು. ಭಾರ ಒಂದು ಬದಿಗೆ ವಾಲಿದ್ದು ಹಗ್ಗಕ್ಕೆ ತಿಳಿಯಿತು.

"ಇದನ್ನು ನೋಡಲೆಂದೇ ಬಂದವರು ಕಿಟಕಿ ಬಿಟ್ಟು ದೂರ ಸರಿದರೇಕೆ?" ಎಂದು ಕೇಳಿತು.

"ಅಡ್ಡ ಕೂತರೆ ಆ ತಾಯಿಗೆ ಕಾಣುವುದಿಲ್ಲ," ಎಂದಿತು ಕಾರು.