ಕರ್ನಲ್ ಸಾಹೇಬರ ಎದೆಯ ಮೇಲಿನ ಬಿಳಿ ಜಾಗ

ಹತ್ತೊಂಬತ್ತನೆಯ ಶತಮಾನದ ಮಾತು. ಫ್ರಾನ್ಸ್ ದೇಶದ ಒಂದು ದಂಡಿನ ಊರಿನಲ್ಲಿ ಕರ್ನಲ್ ಮೊಂತಾರ್ ಎಂಬ ಸಾಹೇಬರಿದ್ದರು. ಬೆಳಗಿನ ಹೊತ್ತೆಲ್ಲ ಮೀಸೆ ತಿದ್ದುವುದಕ್ಕೆ ಬೇಕು, ಮಿಕ್ಕ ಹೊತ್ತೆಲ್ಲ ತಮ್ಮ ಶೌರ್ಯ ಹೇಳಿಕೊಳ್ಳುವುದಕ್ಕೆ ಬೇಕು. ಯುದ್ಧಕ್ಕೆ ಹೋಗಲು ಪುರುಸೊತ್ತೇ ಸಿಕ್ಕಿರಲಿಲ್ಲ, ಪಾಪ.

ಅವರ ಪಡೆಯಲ್ಲಿ ಗಾಸ್ಪಾರ್ ಎಂಬ ಸಿಪಾಯಿ. ಬಂದೂಕು ಹಿಡಿದರೆ ಗುರಿ ತಪ್ಪುತ್ತಿದ್ದ, ಕುಂಚ ಹಿಡಿದರೆ ತಪ್ಪುತ್ತಿರಲಿಲ್ಲ. ಹುಟ್ಟೂರಲ್ಲಿ ಅವನಿಗೆ ಅದೇಲ್ ಎಂಬ ಹುಡುಗಿಯ ಜೊತೆ ಮದುವೆ ಗೊತ್ತಾಗಿತ್ತು. ದ್ರಾಕ್ಷಿ ಕೊಯ್ಲಿನೊಳಗೆ ಗಂಡು ಬರದಿದ್ದರೆ ಮಗಳನ್ನು ಹಿಟ್ಟಿನ ಗಿರಣಿಯವನಿಗೆ ಕೊಡುವುದಾಗಿ ಅವಳಪ್ಪ ಹೇಳಿ ಕಳಿಸಿದ್ದ. ಗಾಸ್ಪಾರ್ ಹೋಗಿ ಮದುವೆಗೆ ರಜೆ ಕೇಳಿದ.

"ಜಲವರ್ಣದಲ್ಲಿ ನನ್ನ ಚಿತ್ರ ಬರಿ. ಮುಗಿದ ದಿನವೇ ನಿನಗೆ ರಜೆ," ಎಂದರು ಕರ್ನಲ್.

ಗಾಸ್ಪಾರ್ ಊಟ ನಿದ್ದೆ ಬಿಟ್ಟು ಕೂತ. ಮೀಸೆ, ಟೋಪಿ, ಕತ್ತಿ ಎಲ್ಲ ಮೂಡಿದವು. ಇನ್ನೇನು ಕೋಟಿಗೆ ನೀಲಿ ಹಾಕಬೇಕು, ಅಷ್ಟರಲ್ಲಿ ಕರ್ನಲ್ ಬಂದು ಬಗ್ಗಿ ನೋಡಿದರು.

"ಎದೆ ಬೋಳಾಗಿದೆಯಲ್ಲ?"

"ಸಾಹೇಬರಿಗೆ ಇನ್ನೂ ಪದಕ ಬಂದಿಲ್ಲವಲ್ಲ."

"ಇವತ್ತು ಬಂದಿಲ್ಲ. ಯುದ್ಧ ಅಂತ ಒಂದು ಶುರುವಾಗಲಿ, ಬಿಳಿ ಶಿಲುಬೆಯ ಪದಕ ಐದಾದರೂ ಬರುತ್ತೆ. ಐದನ್ನೂ ಈಗಲೇ ಬರಿ."

"ಬಾರದ ಪದಕ ಬರೆದರೆ ದಂಡಿನ ಕಾನೂನು ನನ್ನನ್ನು ಸೆರೆಮನೆಗೆ ಹಾಕುತ್ತೆ, ಸಾಹೇಬರೇ."

"ಬರೆಯದಿದ್ದರೆ ನಾನು ಹಾಕುತ್ತೇನೆ."

ಗಾಸ್ಪಾರನ ಕಣ್ಣ ಮುಂದೆ ಗಿರಣಿಯವನು ಮದುವೆಯ ಕೋಟು ತೊಟ್ಟು ನಿಂತ. ಕುಂಚ ಕೆಳಗಿಟ್ಟ.

"ಒಂದು ದಾರಿ ಇದೆ, ಸಾಹೇಬರೇ. ಜಲವರ್ಣದಲ್ಲಿ ನಾವು ಬಿಳಿ ಬಣ್ಣ ಹಚ್ಚೋದಿಲ್ಲ. ಬಿಳಿ ಬೇಕಾದ ಕಡೆ ಕಾಗದವನ್ನು ಹಾಗೇ ಬಿಡುತ್ತೇವೆ. ನೀಲಿ ಒಮ್ಮೆ ಬಿತ್ತು ಅಂದರೆ ಆಮೇಲೆ ಬಿಳಿ ಬೇಕು ಅಂದರೂ ಬಾರದು. ಅದಕ್ಕೇ ಐದು ಕಡೆ ಈಗಲೇ ಜಾಗ ಬಿಟ್ಟಿರುತ್ತೇನೆ. ಪದಕ ಬಂದ ಹಾಗೆಲ್ಲ ಅಂಚು, ರಿಬ್ಬನ್ನು ಬರೆದು ತುಂಬಿಸೋಣ."

ಕರ್ನಲ್ ಹಿಗ್ಗಿಹೋದರು. "ಜಾಣ ಕಣಯ್ಯಾ ನೀನು. ಆದರೆ ಐದೂ ತುಂಬುವವರೆಗೆ ಚಿತ್ರ ಮುಗಿದ ಹಾಗಲ್ಲ. ರಜೆಯ ಮಾತು ಆಮೇಲೆ."

"ಅಪ್ಪಣೆ. ಅಲ್ಲಿಯವರೆಗೆ ಚಿತ್ರ ಅಧಿಕಾರಿಗಳ ಊಟದ ಮನೆಯಲ್ಲಿರಲಿ. ದೊಡ್ಡವರು ಯಾರಾದರೂ ಬಂದರೆ ಕೂರುವ ಕುರ್ಚಿ ಇದೆಯಲ್ಲ, ಅದರ ಎದುರಿಗೇ ಹಾಕಿಸೋಣ."

"ಅದನ್ನು ಕೇಳಬೇಕೇ?" ಎಂದರು ಕರ್ನಲ್. ಮೊಳೆಯನ್ನು ಕೂಡ ತಾವೇ ಹೊಡೆದರು.

ಸ್ವಲ್ಪ ದಿನಕ್ಕೆ ಜನರಲ್ ಸಾಹೇಬರು ತಪಾಸಣೆಗೆ ಬಂದರು. ಊಟಕ್ಕೆ ಕೂತವರು ಸೂಪಿನ ಚಮಚವನ್ನು ಎತ್ತಿದ ಕೈಯಲ್ಲೇ ಹಿಡಿದುಕೊಂಡು ಗೋಡೆ ನೋಡಿದರು. ನೀಲಿ ಕೋಟಿನ ಎದೆಯ ತುಂಬ ಐದು ಬಿಳಿ ತೂತು.

"ಇದೇನು, ಇಲಿ ಕಡಿದಿದೆಯೇ?"

ಕರ್ನಲ್‌ಗೆ ಕೆಮ್ಮು ಬಂತು. ಗಾಸ್ಪಾರನಿಗೆ ಕರೆ ಹೋಯಿತು.

"ಇಲಿಯಲ್ಲ, ಸಾಹೇಬರೇ," ಎಂದ ಗಾಸ್ಪಾರ್. "ನಮ್ಮ ಕರ್ನಲ್ ಸಾಹೇಬರು ಮುಂದೆ ತೋರಿಸಲಿರುವ ಪರಾಕ್ರಮಕ್ಕೆ ಬಿಟ್ಟ ಜಾಗ. ಐದೂ ಪದಕ ಬಂದರೆ ಚಿತ್ರ ಮುಗಿಯುತ್ತೆ. ಚಿತ್ರ ಮುಗಿದರೆ ನನಗೆ ಮದುವೆಗೆ ರಜೆ."

ಅಧಿಕಾರಿಗಳೆಲ್ಲ ತಂತಮ್ಮ ತಟ್ಟೆಯನ್ನೇ ನೋಡುತ್ತಾ ಕೂತರು. ಜನರಲ್ ಚಿತ್ರವನ್ನೊಮ್ಮೆ, ಕರ್ನಲರನ್ನೊಮ್ಮೆ ನೋಡಿದರು.

"ರಜೆ ನಾನು ಕೊಡುತ್ತೇನೆ. ಎಷ್ಟು ದಿನ ಬೇಕಪ್ಪ?"

ಗಾಸ್ಪಾರ್ ನೆಟ್ಟಗೆ ನಿಂತು ಸಲಾಮು ಹೊಡೆದ.

"ಹೆಚ್ಚೇನೂ ಬೇಡ. ಕರ್ನಲ್ ಸಾಹೇಬರಿಗೆ ಮೊದಲನೆಯ ಪದಕ ಬರುವ ತನಕ ಸಾಕು."

ಜನರಲ್ ನಕ್ಕ ನಗೆಗೆ ಸೂಪು ಮೇಜಿನ ಬಟ್ಟೆಗೆ ಚೆಲ್ಲಿತು.

"ಮಂಜೂರು," ಎಂದರು. "ಹೋಗುವಾಗ ಸಮವಸ್ತ್ರ ಉಗ್ರಾಣಕ್ಕೆ ಒಪ್ಪಿಸಿ ಹೋಗು. ಇನ್ನು ಅದರ ಕೆಲಸ ನಿನಗೆ ಬೀಳೋದಿಲ್ಲ."

ಕೊಯ್ಲಿಗೆ ಮುಂಚೆಯೇ ಮದುವೆಯಾಯಿತು. ಮದುವೆ ಊಟದ ರೊಟ್ಟಿಗೆ ಹಿಟ್ಟು ಗಿರಣಿಯವನೇ ಕೊಟ್ಟ. ಗಾಸ್ಪಾರ್ ತಲೆ ನರೆಯುವವರೆಗೂ ರಜೆಯ ಮೇಲೆಯೇ ಇದ್ದ.