ಪಾಳಿಗುಡ್ಡದ ಗಾಳಿ

ನಮ್ಮ ನೀಲಗಟ್ಟಿಯಿಂದ ಪಡುವಣದ ಮಲ್ಲನಪೇಟೆಗೆ ಹೋಗುವ ದಾರಿಯಲ್ಲಿ, ಎರೆಹೊಲಗಳು ಮುಗಿಯುವಲ್ಲಿ, ಬೋಳು ಗುಡ್ಡವೊಂದು ಅಡ್ಡ ಮಲಗಿದೆ. ಅದೇ ಪಾಳಿಗುಡ್ಡ. ಬುಡದಲ್ಲಿ ಚಹಾದಂಗಡಿ, ಏರು ಮುಗಿಯುವಲ್ಲಿ ಒಂಟಿ ಬೇವಿನ ಮರ, ಅಲ್ಲಿಂದಾಚೆಗೆ ಮರೆಯೇ ಇಲ್ಲದ ಬಯಲು, ಬಯಲಿನ ಕೊನೆಗೆ ಮೈಲಿಗಲ್ಲು. ಈಗೀಗ ಅಲ್ಲಿ ಗಾಳಿಯಿಂದ ಕರೆಂಟು ತೆಗೆಯುವ ಮೂರು ಫ್ಯಾನುಗಳೂ ನಿಂತಿವೆ. ಏರು ಕಾಲನ್ನು ಹಿಂಡಿದರೆ ಮೇಲಿನ ಬಯಲು ಎದೆಯನ್ನು ಹಿಂಡುತ್ತದೆ. ಆಷಾಢದಲ್ಲಿ ಸೈಕಲ್ಲಿನವರು ಅಲ್ಲಿ ತುಳಿದಷ್ಟೂ ನಿಂತಲ್ಲೇ ಇರುತ್ತಾರೆ. ಜೊತೆಯಲ್ಲಿ ಬಂದವರು ಬೇವಿನ ಮರದ ಹತ್ತಿರ ಪಾಳಿ ಬದಲಿಸಲೇಬೇಕು. ಅಲ್ಲಿಯವರೆಗೆ ಹಿಂದಿದ್ದವನು ಮುಂದಾಗಿ ಗಾಳಿಗೆ ಎದೆ ಕೊಡಬೇಕು. ಈ ಹೆಸರಿನ ಕಥೆಯನ್ನು ನಾನು ಮೂರು ಬಗೆಯಾಗಿ ಹೇಳುತ್ತೇನೆಂದು ಊರಿನಲ್ಲಿ ಆಕ್ಷೇಪಣೆ ಇದೆ. ಉಳಿದೆರಡು ಚಹಾದವನ ವ್ಯಾಪಾರಕ್ಕೆ ಹೇಳಿದವು, ನಿಜವಾದದ್ದು ಇದು.

ಬಹಳ ಹಿಂದೆ, ಈ ದಾರಿಗೆ ಬಸ್ಸಿಲ್ಲದ ಕಾಲದಲ್ಲಿ, ನೀಲಗಟ್ಟಿಯ ನೇಕಾರರು ಸೀರೆಗಳನ್ನು ಸೈಕಲ್ಲಿನ ಮೇಲೆ ಹೇರಿಕೊಂಡು ಮಲ್ಲನಪೇಟೆಯ ಸಂತೆಗೆ ಹೋಗುತ್ತಿದ್ದರು. ಅವರಲ್ಲಿ ಕೂಡ್ಲೆಪ್ಪ ಎಂಬವನು ಅಗಲ ಎದೆಯ, ಕಡಿಮೆ ಮಾತಿನ ಆಳು. ಅವನ ಹೆಂಡತಿಯ ತಮ್ಮ ಗುರಸಿದ್ಧ ಮಾತಿನಲ್ಲೇ ಸಂತೆ ಮಾಡುವವನು. ಊರಿನಿಂದ ಬೇವಿನ ಮರದವರೆಗೆ ಕೂಡ್ಲೆಪ್ಪ ಮುಂದೆ, ಅಲ್ಲಿಂದ ಮೈಲಿಗಲ್ಲಿನವರೆಗೆ ಗುರಸಿದ್ಧ ಮುಂದೆ ಎಂದು ಇಬ್ಬರ ನಡುವೆ ಒಪ್ಪಂದ. ಆದರೆ ಮರ ಬಂದೊಡನೆ ಗುರಸಿದ್ಧನ ಚೈನು ಕಳಚುತ್ತಿತ್ತು. ಅದನ್ನು ಕಳಚುತ್ತಿದ್ದುದು ಅವನದೇ ಬೆರಳು ಎಂಬುದು ಅವನಿಗೂ ಬೇವಿನ ಮರಕ್ಕೂ ಗೊತ್ತು. ಅವನು ಚೈನು ಏರಿಸುವಷ್ಟರಲ್ಲಿ ಕೂಡ್ಲೆಪ್ಪ ಮುಂದಾಗಿರುತ್ತಿದ್ದ. ಅವನ ಬೆನ್ನಿನ ಮರೆಯಲ್ಲಿ ಇವನು ಹಾಡು ಹೇಳಿಕೊಂಡು ಹೋಗುತ್ತಿದ್ದ. "ನಿನ್ನ ಚೈನಿಗೂ ಈ ಬೇವಿನ ಗಿಡಕ್ಕೂ ಏನೋ ಬೀಗತನ ಐತಿ ನೋಡು," ಎಂದು ಕೂಡ್ಲೆಪ್ಪ ನಗುತ್ತಿದ್ದನಂತೆ. "ಮಾವ, ನಿಮ್ಮದು ಎಮ್ಮಿಯಂಥಾ ಮೈ. ನಿಮ್ಮನ್ನ ಕಂಡ್ರ ಗಾಳಿನ ಸರಿದು ದಾರಿ ಬಿಡತೈತಿ," ಎಂದು ಇವನು ಉತ್ತರ ಕೊಡುತ್ತಿದ್ದ.

ಒಂದು ಆಷಾಢದಲ್ಲಿ ಕೂಡ್ಲೆಪ್ಪನಿಗೆ ಜ್ವರ. ಒಪ್ಪಿಕೊಂಡ ಮದುವೆ ಸೀರೆಗಳು ಅಂದೇ ಮುಟ್ಟಬೇಕಾಗಿದ್ದರಿಂದ ಹೊರಟ. ಏರಿನ ನಡುವೆ ಒಂದೇ ಮಾತು ಆಡಿದ: "ಇವತ್ತು ಎದಿ ಹಿಡಕೊಂಡೈತಿ. ಗಿಡದಿಂದ ಮುಂದ ನೀನ ಹೋಗಪಾ." ಗುರಸಿದ್ಧ ಆಗಲಿ ಎಂದ. ಆದರೂ ಮರ ಬಂದಾಗ ಅವನ ಕೈ ತಾನಾಗಿಯೇ ಚೈನಿನತ್ತ ಹೋಯಿತು. ಕೂಡ್ಲೆಪ್ಪ ಹಿಂದಿರುಗಿ ನೋಡಿ, ಸ್ವಲ್ಪ ಹೊತ್ತು ಕಾಯ್ದು, ಒಬ್ಬನೇ ಬಯಲಿಗೆ ಇಳಿದ. ಅವನ ಸೈಕಲ್ಲಿನ ಸಡಿಲಾದ ಮಡಗಾರ್ಡಿನ ಟರಟರ ಸದ್ದು ಗಾಳಿಯಲ್ಲಿ ಕರಗಿತು. ಗುರಸಿದ್ಧ ಸಾವಕಾಶವಾಗಿ ಬಂದು ನೋಡಿದರೆ, ಮೈಲಿಗಲ್ಲಿಗೆ ಒರಗಿ ಕೂತ ಕೂಡ್ಲೆಪ್ಪನಲ್ಲಿ ಜೀವ ಇರಲಿಲ್ಲ. ಮುಖ ಮಾತ್ರ ಬೇವಿನ ಮರದ ಕಡೆಗೇ ತಿರುಗಿತ್ತು, ಯಾರೋ ಬರಬೇಕಾದವರನ್ನು ಕಾಯುವವರ ಹಾಗೆ. "ಚೈನು ಕಳಚಿತ್ತು" ಎಂದು ಗುರಸಿದ್ಧ ಊರಿಗೆ ಹೇಳಿದ. ಬೆರಳಿಗೆ ಮೆತ್ತಿದ ಚೈನಿನ ಕರಿಯನ್ನು ನೋಡಿ ಊರು ನಂಬಿತು.

ಕೆಲವು ದಿನ ಕಳೆದ ಮೇಲೆ ಅವನು ಒಬ್ಬನೇ ಸಂತೆಗೆ ಹೊರಟ. ಏರಿನಲ್ಲಿ ಗಾಳಿ ಇನ್ನೇನು ಕೆಡವಬೇಕು ಎನ್ನುವಾಗ ಥಟ್ಟನೆ ನಿಂತುಹೋಯಿತು. ಕೆಳಗಿನ ಹೊಲದ ಜೋಳ ನೆಲ ಮುಟ್ಟುವಂತೆ ಬಾಗುತ್ತಿದೆ, ಇವನ ಅಂಗಿಯ ತುದಿ ಅಲುಗದು. ಮುಂದೆ ಯಾರೂ ಇಲ್ಲ. ಆದರೆ ದಾರಿಯ ಧೂಳಿನಲ್ಲಿ ಗಾಲಿಯ ಗೆರೆಯೊಂದು ತಾನೇ ಮೂಡುತ್ತ ಸಾಗಿದೆ. ಟರಟರ ಸದ್ದು. ಮಾವ ಸತ್ತರೂ ಮರೆ ಕೊಡುತ್ತಿದ್ದಾನೆಂದು ಗುರಸಿದ್ಧ ಕೈ ಮುಗಿದು ಹಿಂಬಾಲಿಸಿದ. ಬೇವಿನ ಮರದ ಹತ್ತಿರ ಗೆರೆ ನಿಂತಿತು. ಇವನೂ ನಿಂತ. ಬಹಳ ಹೊತ್ತು ಕಾಯ್ದು, ಬೆವತು, ಸೈಕಲ್ ತಿರುಗಿಸಿಕೊಂಡು ಊರಿಗೆ ಓಡಿದ.

ಅಂದಿನಿಂದ ಗಾಳಿ ಅವನನ್ನು ಮುಟ್ಟಲಿಲ್ಲ ಎನ್ನುತ್ತಾರೆ. ಕಣದಲ್ಲಿ ಅವನು ತೂರಿದರೆ ಹೊಟ್ಟು ಹಾರದೆ ಕಾಳಿನ ಜೊತೆಗೇ ಕೆಳಗೆ ಬೀಳುತ್ತಿತ್ತು. ಹಗ್ಗದ ಮೇಲೆ ಎಲ್ಲರ ಬಟ್ಟೆ ಹಾರಾಡುವಾಗ ಅವನ ಧೋತರ ಜೋತುಬಿದ್ದಿರುತ್ತಿತ್ತು. ಬರಬರುತ್ತ ಉಸಿರೂ ಸಾಲದಾಯಿತು; ಬಾಯಿ ತೆರೆದು ಕೂತರೂ ಎದೆಗೆ ಗಾಳಿ ಇಳಿಯದು. ವೈದ್ಯರ ಚೂರ್ಣಗಳೆಲ್ಲ ಸೋತವು. ತುಟಿ ನೀಲಿಗಟ್ಟಿದ ಅವನ ಬಳಿಗೆ ಒಂದು ಸಂಜೆ ಅಕ್ಕ, ಕೂಡ್ಲೆಪ್ಪನ ಹೆಂಡತಿ ಶಿವಗಂಗವ್ವ, ದೀಪ ಹಿಡಿದು ಬಂದಳು. ಅಂಗಳದಲ್ಲಿ ಹೊಯ್ದಾಡುತ್ತಿದ್ದ ಕುಡಿ ತಮ್ಮನ ಪಕ್ಕಕ್ಕೆ ಬಂದೊಡನೆ ನೆಟ್ಟಗಾಯಿತು. ಅವಳು ಅದನ್ನೇ ನೋಡುತ್ತ ಕೇಳಿದಳು: "ಅವರು ಇನ್ನೂ ನಿನ್ನ ಮುಂದನ ನಿಂತಾರ. ಅವತ್ತು ಚೈನು ತಾನಾಗಿ ಕಳಚಿತ್ತೇನೋ?" ತಮ್ಮ ತನ್ನ ಬೆರಳುಗಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡ. ಅಕ್ಕ ಅಳಲೂ ಇಲ್ಲ, ಬಯ್ಯಲೂ ಇಲ್ಲ. "ಹೋಗಿ ಪಾಳಿ ಕೊಟ್ಟು ಬಾ. ಅವರೂ ದಣದಾರ," ಎಂದಳು.

ಮರುದಿನ ಗುಡ್ಡದ ಏರಿನಲ್ಲಿ ಅವನು ಸೈಕಲ್ ತುಳಿದದ್ದಕ್ಕಿಂತ ತಳ್ಳಿದ್ದೇ ಹೆಚ್ಚು. ಮುಂದೆ ಮೂಡುತ್ತ ಹೋದ ಗೆರೆ ಮರದ ಬಳಿ ನಿಂತಿತು. ಬೆರಳು ಚೈನಿನತ್ತ ಹೋಯಿತು, ಅದನ್ನು ಹ್ಯಾಂಡಲ್ಲಿಗೆ ಒತ್ತಿಹಿಡಿದು, "ಮಾವ, ಹಿಂದ ಬರ್ರಿ. ಇನ್ನ ನಂದು," ಎಂದವನೇ ಗೆರೆಯನ್ನು ದಾಟಿದ. ಆಗ ಬಿತ್ತು ನೋಡಿ ಗಾಳಿ, ಇಷ್ಟು ದಿನ ತಡೆದದ್ದೆಲ್ಲ ಒಮ್ಮೆಲೇ. ತಲೆಗೆ ಸುತ್ತಿದ ಪಟಗ ಹಾರಿತು, ಕಣ್ಣಲ್ಲಿ ಮಣ್ಣು ತುಂಬಿತು, ಎದೆ ಬಿರಿಯಿತು. ಆ ಬಿರುಕಿನಿಂದಲೇ ಎಂಬಂತೆ ಉಸಿರು ಒಳಗೆ ನುಗ್ಗಿತು. ಟರಟರ ಸದ್ದು ಈಗ ಬೆನ್ನ ಹಿಂದೆ. ಹಿಂದೆ ನೋಡಲು ಅವನಿಗೆ ಧೈರ್ಯ ಬರಲಿಲ್ಲ. ಮೈಲಿಗಲ್ಲಿನ ಹತ್ತಿರ ಸದ್ದು ನಿಂತಿತು. ದೂರದ ಸವಾರಿ ಮುಗಿಸಿದವರು ಬಿಡುವಂಥ ಒಂದು ನಿಟ್ಟುಸಿರು ಕೇಳಿಸಿತು, ಅಷ್ಟೆ. ಗುರಸಿದ್ಧ ಮುದುಕನಾಗುವವರೆಗೂ ಆ ಬಯಲನ್ನು ಯಾರ ಜೊತೆ ದಾಟಿದರೂ ತಾನೇ ಮುಂದಿರುತ್ತಿದ್ದ.

ಈಗಲೂ ಅಲ್ಲಿಗೆ ಹೋದರೆ ಇದನ್ನು ನೋಡಬಹುದು: ಎಂಥ ಬಿರುಗಾಳಿಯಲ್ಲೂ ಮೈಲಿಗಲ್ಲಿನ ಪಕ್ಕದ ಫ್ಯಾನು ಒಮ್ಮೊಮ್ಮೆ ನಿಂತುಬಿಡುತ್ತದೆ, ಅಕ್ಕಪಕ್ಕದವು ಗಿರಗಿರ ತಿರುಗುತ್ತಿದ್ದರೂ. ಯಂತ್ರದವರು ಬಂದು ಏನೇನೋ ಬದಲಿಸಿ ಹೋಗುತ್ತಾರೆ. ಯಾರೋ ಪಾಳಿ ತಪ್ಪಿಸಿದರು ಎನ್ನುತ್ತಾರೆ ಊರವರು. ಮೊನ್ನೆ ನಾನು ಚಹಾದಂಗಡಿಯಲ್ಲಿ ಇದೇ ಕಥೆಗೆ ಸ್ವಲ್ಪ ಉಪ್ಪುಖಾರ ಹಚ್ಚುತ್ತಿದ್ದಾಗ, ಸೈಕಲ್ ಹೆಲ್ಮೆಟ್ಟಿನ ತರುಣನೊಬ್ಬ ಗುಡ್ಡ ಇಳಿದು ಬಂದು ಬೆಂಚಿನ ಮೇಲೆ ಕೂತ. ಹತ್ತುವಾಗ ಜೊತೆಗಿದ್ದವನು ಎಲ್ಲಿ ಎಂದು ಚಹಾದವನು ಕೇಳಿದ. "ಮುಂದೆ ಹೋದ. ನನ್ನ ಚೈನ್ ಕಳಚಿತು," ಎಂದು ಕರಿ ಮೆತ್ತಿದ ಬೆರಳು ತೋರಿಸಿದ. ನಾನು ಗುಡ್ಡದ ಕಡೆ ನೋಡಿದೆ. ಮೂರರಲ್ಲಿ ಎರಡೇ ಫ್ಯಾನು ತಿರುಗುತ್ತಿದ್ದವು. ಅಂಗಡಿಯ ತಗಡು ಗಾಳಿಗೆ ಬಡಿದುಕೊಳ್ಳುತ್ತಿತ್ತು. ಅವನ ಕೈಯ ಲೋಟದ ಹಬೆ ಮಾತ್ರ ದಾರ ಹಿಡಿದಂತೆ ನೆಟ್ಟಗೆ ಮೇಲೇಳುತ್ತಿತ್ತು.