ಹಲ್ಲಿನ ಗುರುತು

“ಸ್ವಾಮಿ, ಬಿಡಿಸುವ ಶಕ್ತಿಯಿರುವ ದೇವರು ನಮ್ಮನ್ನು ನೋವಿನಿಂದ ಯಾಕೆ ಬಿಡಿಸುವುದಿಲ್ಲ?”

ಕೇಳಿದವನು ಶೌರಪ್ಪ. ಅವನ ಹೆಂಡತಿಗೆ ಲಕ್ವ ಹೊಡೆದು, ಹಾಸಿಗೆ ಹಿಡಿದು ವರ್ಷ ಕಳೆದಿತ್ತು. ನೋಡಲು ಬಂದವರು ಸುಮ್ಮನೆ ಹೋಗಲಿಲ್ಲ. ಪಾಪದ ಫಲ ಎಂದು ಒಬ್ಬರು, ನಂಬಿಕೆ ಸಾಲದು ಎಂದು ಇನ್ನೊಬ್ಬರು ಗಾಯದ ಮೇಲೆ ಬರೆ ಎಳೆದು ಹೋಗಿದ್ದರು. ಇಂದು ಉತ್ತರ ಸಿಗದಿದ್ದರೆ ಇನ್ನು ಪ್ರಾರ್ಥನೆಯ ಮಾತೇ ಬೇಡ ಎಂದು ನಿಶ್ಚಯಿಸಿಕೊಂಡೇ ಅವನು ಚರ್ಚಿನ ಗುರುಗಳ ಬಳಿ ಬಂದಿದ್ದ.

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಒಂದು ಕತೆ ಹೇಳಿದರು.

ಒಬ್ಬ ನೇಕಾರನಿದ್ದ. ಅವನಿಗೆ ತಾಯಿಯಿಲ್ಲದ ಒಬ್ಬಳೇ ಮಗಳು. ಮರ ಹತ್ತಬೇಡ ಎಂದರೆ ಇನ್ನೂ ಎರಡು ಕೊಂಬೆ ಮೇಲೆ ಹೋಗುವವಳು. ಒಂದು ದಿನ ಹುಣಸೆ ಮರದಿಂದ ಬಿದ್ದು ಬಲಗೈ ಮುರಿದುಕೊಂಡಳು. ನಾಟಿ ವೈದ್ಯ ಬಂದು ಮೂಳೆ ಕೂರಿಸಿ, ಬಿದಿರಿನ ದಬ್ಬೆಯಿಟ್ಟು ಬಿಗಿಯಾಗಿ ಕಟ್ಟಿದ. ನಾನು ಬರುವವರೆಗೆ ಕಟ್ಟು ಮುಟ್ಟಬೇಡಿ ಎಂದು ಹೇಳಿ ಹೋದ.

ಕೈ ಮುರಿದಿತ್ತೇ ಹೊರತು ಹುಡುಗಿಯ ಬಾಯಿ ಮುರಿದಿರಲಿಲ್ಲ. ನೋವು, ಬಿಗಿ, ಸ್ವಲ್ಪ ಸಡಿಲಿಸಪ್ಪಾ ಎಂದು ಗೋಳಾಡಿದಳು. ಅಪ್ಪನ ಕರುಳು ತಡೆಯಲಿಲ್ಲ. ಅವಳು ಅತ್ತಾಗಲೆಲ್ಲ ಕಟ್ಟನ್ನು ಅಷ್ಟಷ್ಟು ಸಡಿಲಿಸಿದ. ನಮ್ಮಪ್ಪನಂಥ ಅಪ್ಪ ಯಾರಿಗೂ ಇಲ್ಲ ಎಂದುಕೊಂಡು ಅವಳು ನಿದ್ದೆ ಹೋಗುತ್ತಿದ್ದಳು.

ವೈದ್ಯ ಬಂದು ಕಟ್ಟು ಬಿಚ್ಚಿದಾಗ ಕೈ ಕುಡುಗೋಲಿನ ಹಾಗೆ ಸೊಟ್ಟಗಾಗಿತ್ತು. ಆ ಕೈಯಿಂದ ಮಗ್ಗದ ಲಾಳಿ ಎಸೆಯುವುದಿರಲಿ, ತುತ್ತು ಬಾಯಿಗೆ ಹೋಗುವುದೂ ಕಷ್ಟ.

“ಮೂಳೆ ಇನ್ನೂ ಎಳೆಯದಾಗಿದೆ. ಈಗಲೇ ಬಿಡಿಸಿ ಮತ್ತೆ ಕೂರಿಸಬೇಕು,” ಎಂದ ವೈದ್ಯ. “ಹುಡುಗಿಯನ್ನು ನೀನೇ ಹಿಡಿದುಕೋ. ಊರವರನ್ನು ಕರೆದರೆ ಅವರು ಕೈ ಹಿಡಿಯುತ್ತಾರೆ, ಮಗುವನ್ನು ಹಿಡಿಯುವುದಿಲ್ಲ.”

ಅಪ್ಪ ಅವಳನ್ನು ಮಡಿಲಲ್ಲಿ ಅವುಚಿಕೊಂಡ. ಅವಳಿಗೆ ನಂಬಲಾಗಲಿಲ್ಲ. ಆ ಮುದುಕ ವೈದ್ಯನನ್ನು ಅಪ್ಪ ಒಂದೇ ಏಟಿಗೆ ಅಂಗಳಕ್ಕೆ ತಳ್ಳಬಹುದಿತ್ತು. ಬಿಡಿಸಪ್ಪಾ ಎಂದು ಕೂಗಿದಳು. ಅಪ್ಪ ಬಿಡಿಸಲಿಲ್ಲ, ಇನ್ನಷ್ಟು ಅವುಚಿಕೊಂಡ. ಮೂಳೆ ಲಟಕ್ಕೆಂದಾಗ ಬಾಯಿಗೆ ಸಿಕ್ಕಿದ್ದನ್ನು ಅವಳು ಜೀವ ಹೋಗುವ ಹಾಗೆ ಕಚ್ಚಿದಳು. ಆಮೇಲೆ ಅವಳಿಗೆ ಎಚ್ಚರವಿರಲಿಲ್ಲ.

ಅಂದಿನಿಂದ ಅವಳು ಅಪ್ಪನ ಜೊತೆ ಮಾತು ಬಿಟ್ಟಳು. ತುತ್ತು ತಿನ್ನಿಸಲು ಬಂದರೆ ಮುಖ ತಿರುಗಿಸಿದಳು. ಈ ಸಲ ಎಷ್ಟು ಅತ್ತರೂ ಅವನು ಕಟ್ಟು ಸಡಿಲಿಸಲಿಲ್ಲ. ಪಕ್ಕದಲ್ಲಿ ಬಂದು ಕೂರುತ್ತಿದ್ದ, ಅಷ್ಟೇ. ಅವನ ಅಂಗೈಗೂ ಬಟ್ಟೆ ಸುತ್ತಿದ್ದನ್ನು ಅವಳು ನೋಡಿದಳು. ಮಗ್ಗಕ್ಕೆ ಸಿಕ್ಕಿರಬೇಕು, ಸಿಗಲಿ, ಎಂದುಕೊಂಡಳು.

ಕೊನೆಗೆ ವೈದ್ಯ ಬಂದು ಕಟ್ಟು ಬಿಚ್ಚಿದ. ಕೈ ನೆಟ್ಟಗಿತ್ತು! ಅವಳು ಮಡಚಿದಳು, ಚಾಚಿದಳು. ಓಡಿಹೋಗಿ ಮಗ್ಗದ ಮುಂದೆ ಕೂತು ಲಾಳಿ ಎಸೆದಳು. ಅದು ಆ ಅಂಚಿನಿಂದ ಈ ಅಂಚಿಗೆ ಸರ್ರನೆ ಓಡಿತು. ಸಂತೋಷದಲ್ಲಿ ಸಿಟ್ಟು ಮರೆತು ನಕ್ಕುಬಿಟ್ಟಳು. ಲಾಳಿ ಹಿಡಿದುಕೊಡಲು ಅಪ್ಪ ಕೈ ಚಾಚಿದ. ಆ ಕೈಯಲ್ಲಿ, ಹೆಬ್ಬೆರಳಿನ ಬುಡದಲ್ಲಿ, ಸಾಲಾಗಿ ಪುಟ್ಟ ಪುಟ್ಟ ಕಲೆಗಳಿದ್ದವು.

“ಅಪ್ಪಾ, ಇದೇನು?”

“ನಿನ್ನ ಹಲ್ಲು, ಮಗಳೇ.”

ಅವಳ ನಗು ನಿಂತಿತು. “ಅಷ್ಟು ಕಚ್ಚಿದರೂ ಕೈ ಯಾಕೆ ಎಳೆದುಕೊಳ್ಳಲಿಲ್ಲ?”

“ಎಳೆದುಕೊಂಡಿದ್ದರೆ ನಿನ್ನನ್ನು ಬಿಡಬೇಕಾಗುತ್ತಿತ್ತಲ್ಲ,” ಎಂದ ಅಪ್ಪ.

ಗುರುಗಳು ಕತೆಯನ್ನು ಅಲ್ಲಿಗೇ ನಿಲ್ಲಿಸಿದರು. ಶೌರಪ್ಪ ಕಣ್ಣೊರೆಸಿಕೊಂಡ. ಆದರೂ ಕೇಳದೆ ಇರಲಾಗಲಿಲ್ಲ.

“ಹಾಗಾದರೆ ನನ್ನ ಹೆಂಡತಿ ಎದ್ದು ಓಡಾಡುತ್ತಾಳೆಯೇ, ಸ್ವಾಮಿ?”

“ಅದು ನನಗೆ ಗೊತ್ತಿಲ್ಲ, ಶೌರಪ್ಪ. ಶಿಲುಬೆಯ ಮೇಲೆ ಸತ್ತು, ಸಾವನ್ನೇ ಗೆದ್ದು ಎದ್ದು ಬಂದ ಪ್ರಭು ಕೈಯ ಮೊಳೆಯ ಗಾಯಗಳನ್ನು ಮಾತ್ರ ಹಾಗೆಯೇ ಉಳಿಸಿಕೊಂಡನಲ್ಲ, ಆ ಕೈ ಯಾರನ್ನು ಬಿಡದೆ ಹಿಡಿದುಕೊಂಡಿತ್ತು?”

ಶೌರಪ್ಪ ಕೈ ಮುಗಿದು ಎದ್ದ. ವರ್ಷದ ಮೇಲೆ ಮೊದಲ ಸಲ ಅವನ ಎದೆ ಹಗುರವಾಗಿತ್ತು.